ಸತ್ಯಾಂಶ: ಸಂಕೇತ ಕಿಣ್ವಗಳೆಲ್ಲ ಕೋಶಕೇಂದ್ರದಲ್ಲೇ ಇರುತ್ತವೆಯೇ?

‘ಜೀವಕೋಶದ ಸಂಕೇತ ಕಿಣ್ವಗಳೆಲ್ಲ ಕೋಶಕೇಂದ್ರದಲ್ಲಿ ಕುಳಿತಿರುತ್ತವೆ, ಆಜ್ಞೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ’ ಎಂಬ ಸಂದೇಶ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಇದು ನಿಜವಲ್ಲ. ಸಂಕೇತ ಕಿಣ್ವಗಳೆಂದರೆ ಕೋಶದೊಳಗೆ ಸುದ್ದಿ ದಾಟಿಸುವ ಪ್ರೋಟೀನ್‌ಗಳು. ಬಲಿತ ಕೆಂಪು ರಕ್ತಕಣವನ್ನೇ ನೋಡಿ: ಅದರಲ್ಲಿ ಕೋಶಕೇಂದ್ರವೇ ಇಲ್ಲ! ಆದರೂ ಅದು ಸುಮಾರು 120 ದಿನ ಬದುಕುತ್ತದೆ, ಅದರೊಳಗೂ ಸಂಕೇತ ಕಿಣ್ವಗಳು ದುಡಿಯುತ್ತಿರುತ್ತವೆ.

ಇಂಥ ಕಿಣ್ವಗಳ ಪೈಕಿ ಕೈನೇಸ್‌ಗಳೇ ಮನುಷ್ಯನಲ್ಲಿ 500ಕ್ಕೂ ಹೆಚ್ಚು ಬಗೆ. ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿ ಅದರ ಕೆಲಸವನ್ನು ಬದಲಿಸುವುದು ಇವುಗಳ ಕಸುಬು. ಯಾರಿಗೆ ಅಂಟಿಸಬೇಕೋ ಅವರ ಪಕ್ಕದಲ್ಲೇ ಇದ್ದರೆ ತಾನೇ ಕೆಲಸ ಸಲೀಸು? ಉದಾಹರಣೆಗೆ, ಇನ್ಸುಲಿನ್ ಗ್ರಾಹಕ ಎಂಬ ಪ್ರೋಟೀನ್ ಕೋಶದ ಹೊರಪೊರೆಯನ್ನು ತೂರಿಕೊಂಡು ನಿಂತಿದೆ. ಹೊರಗಿನ ಭಾಗ ಇನ್ಸುಲಿನ್ನನ್ನು ಹಿಡಿಯುತ್ತದೆ, ಒಳಗಿನ ಭಾಗವೇ ಕಿಣ್ವ. ಸಾರ್ಕ್ ಎಂಬ ಕಿಣ್ವಕ್ಕೆ 14 ಕಾರ್ಬನ್‌ಗಳ ಪುಟ್ಟ ಕೊಬ್ಬಿನ ಬಾಲವಿದೆ. ಆ ಬಾಲವನ್ನು ಪೊರೆಯ ಒಳಮೈಗೆ ನಾಟಿಕೊಂಡು ಅದು ಅಲ್ಲೇ ತಂಗುತ್ತದೆ. ಪ್ರೋಟೀನ್ ಕೈನೇಸ್-ಎ ಕಿಣ್ವವನ್ನು ಲಂಗರಿನಂಥ ಪ್ರೋಟೀನ್‌ಗಳು ಬೇರೆ ಬೇರೆ ಜಾಗಗಳಲ್ಲಿ ಕಟ್ಟಿಹಾಕುತ್ತವೆ. ಹೃದಯದ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಪಕ್ಕದಲ್ಲೂ ಅದು ಸಿಗುತ್ತದೆ.

ಸಂದೇಶದಲ್ಲಿ ಎಳ್ಳಷ್ಟು ಸತ್ಯ ಇಲ್ಲದಿಲ್ಲ. ಇಆರ್‌ಕೆ ಎಂಬ ಕಿಣ್ವ ಕೋಶಕೇಂದ್ರಕ್ಕೆ ಹೋಗುವುದುಂಟು. ಆದರೆ ಅದು ಅಲ್ಲಿಯ ಕಾಯಂ ನಿವಾಸಿಯಲ್ಲ. ಬಿಡುವಿನಲ್ಲಿ ಹೆಚ್ಚಾಗಿ ಕೋಶರಸದಲ್ಲಿರುತ್ತದೆ. ಬೆಳವಣಿಗೆಯ ಸಂಕೇತ ಬಂದರೆ ಕೆಲವೇ ನಿಮಿಷಗಳಲ್ಲಿ ಒಳಹೊಕ್ಕು, ಸಂಕೇತ ತಣ್ಣಗಾದ ಮೇಲೆ ಮರಳಿ ಬರುತ್ತದೆ.