ಅಪ್ಪ ಬಾಚಿದರೆ ನೋವೇ ಆಗಲ್ಲವಂತೆ

ಇವತ್ತು ಬೆಳಗ್ಗೆಯೂ ಅದೇ ಮಾತು. "ಅಪ್ಪ ಬಾಚಿದ್ರೆ ನೋವೇ ಆಗಲ್ಲ. ನೀನು ಬಾಚಿದ್ರೆ ಮಾತ್ರ ಆಗೋದು." ಐದು ವರ್ಷದ ಮಗಳು ಕನ್ನಡಿ ಮುಂದೆ ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಸ್ಕೂಲ್ ವ್ಯಾನ್ ಇನ್ನೇನು ಬರುವ ಹೊತ್ತು. ಅವಳ ಒಂದು ಕಾಲಿಗೆ ಸಾಕ್ಸ್ ಇದೆ, ಇನ್ನೊಂದು ಸಾಕ್ಸ್ ಎಲ್ಲಿದೆಯೋ ದೇವರಿಗೇ ಗೊತ್ತು, ನನ್ನ ಕೈಯಲ್ಲಿ ಬಾಚಣಿಗೆ, ಬಾಯಲ್ಲಿ ಕ್ಲಿಪ್ಪು. ಬಾಯಲ್ಲಿ ಕ್ಲಿಪ್ ಇದ್ದದ್ದೇ ಒಳ್ಳೆಯದಾಯ್ತು. ಇಲ್ಲದಿದ್ದರೆ ಏನೇನು ಅಂದುಬಿಡುತ್ತಿದ್ದೆನೋ.

ಅಪ್ಪ ಬಾಚಿದರೆ ಯಾಕೆ ನೋವಾಗಲ್ಲ ಅನ್ನೋದು ದೊಡ್ಡ ರಹಸ್ಯವೇನಲ್ಲ. ಇವರು ಬಾಚುವುದೇ ಇಲ್ಲ. ಮೆತ್ತನೆಯ ಬ್ರಷ್ ತೆಗೆದುಕೊಂಡು ನೆತ್ತಿಯಿಂದ ಕಿವಿಯವರೆಗೆ ಮೇಲ್ಮೇಲೆ ಸವರುತ್ತಾರೆ. ಅಂಗೈ ಒದ್ದೆ ಮಾಡಿಕೊಂಡು ಒಮ್ಮೆ ಒತ್ತುತ್ತಾರೆ. ಮತ್ತೆ ಸವರುತ್ತಾರೆ. ಅಷ್ಟೂ ಹೊತ್ತು ಒಂದು ಆನೆಯ ಕಥೆ ನಡೆಯುತ್ತಿರುತ್ತದೆ. ಕೊನೆಗೆ ಎರಡು ಹೆಜ್ಜೆ ಹಿಂದೆ ಸರಿದು, ಕುತ್ತಿಗೆ ಓರೆ ಮಾಡಿ ನೋಡಿ, "ನೋಡೇ, ಹೆಂಗೆ ಮಿಂಚ್ತಿದೆ!" ಅನ್ನುತ್ತಾರೆ. ಮಿಂಚುತ್ತದೆ, ಇಲ್ಲ ಅನ್ನಲ್ಲ. ಮೇಲಿನ ಒಂದು ಪದರ ಮಿಂಚುತ್ತದೆ. ಕಸ ಗುಡಿಸಿ ಚಾಪೆ ಕೆಳಗೆ ತಳ್ಳಿದ ಹಾಗೆ. ಆ ಪದರ ಎತ್ತಿದರೆ ಅಡಿಯಲ್ಲಿ ಏನಿದೆ ಅನ್ನೋದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು, ಯಾಕೆಂದರೆ ಎತ್ತುವವಳು ನಾನೊಬ್ಬಳೇ.

ಮೊನ್ನೆ ಅವಳ ಚಿಟ್ಟೆ ಕ್ಲಿಪ್ ಕಾಣೆಯಾಗಿತ್ತು. ಮನೆಯಲ್ಲಿ ದೊಡ್ಡ ಗಲಾಟೆ. ಇವರು ಟಾರ್ಚ್ ಹಿಡಿದು ಸೋಫಾ ಅಡಿಯಲ್ಲಿ ಬಗ್ಗಿ ನೋಡಿದರು, ವಾಷಿಂಗ್ ಮೆಷೀನಿನೊಳಗೆ ತಲೆ ತೂರಿಸಿದರು, ಕೊನೆಗೆ ನನ್ನ ಬ್ಯಾಗನ್ನೂ ಬಿಡಲಿಲ್ಲ. ಅದರ ಮಾರನೆಯ ದಿನ ನಾನು ಮಗಳನ್ನು ಕೂರಿಸಿಕೊಂಡು ಕತ್ತಿನ ಹಿಂದಿನ ಕೂದಲು ಎತ್ತಿದೆ. ಅಲ್ಲಿತ್ತು ಚಿಟ್ಟೆ. ರೆಕ್ಕೆ ಬಿಚ್ಚಿಕೊಂಡು, ಸಿಕ್ಕಿನ ನಡುವೆ ಆರಾಮಾಗಿ ಕೂತಿತ್ತು. ಪಕ್ಕದಲ್ಲಿ ಅರ್ಧ ಸ್ಟಿಕ್ಕರ್, ಒಂದು ಉಣ್ಣೆಯ ಎಳೆ ಬೇರೆ. ಅಂದರೆ ಇವರು ಎರಡು ಬೆಳಗ್ಗೆ ಆ ಚಿಟ್ಟೆಯ ಮೇಲೆಯೇ ಬ್ರಷ್ ಸವರಿ, ಎರಡು ಹೆಜ್ಜೆ ಹಿಂದೆ ಸರಿದು, ಮಿಂಚ್ತಿದೆ ಅಂದಿದ್ದಾರೆ. ಕ್ಲಿಪ್ ತಂದು ಮುಂದೆ ಹಿಡಿದೆ. "ನಾನು ಬಾಚುವಾಗ ಇರ್ಲಿಲ್ಲಪ್ಪ" ಅಂದರು. ಆಮೇಲೆ ಹಾರಿ ಬಂದು ಕೂತಿರಬೇಕು, ಚಿಟ್ಟೆ ಅಲ್ವಾ.

ಸಿಕ್ಕು ಬಿಡಿಸುವ ವಿದ್ಯೆ ನನಗೆ ಬರಲ್ಲ ಅಂತಲ್ಲ. ತುದಿಯಿಂದ ಶುರು ಮಾಡಬೇಕು, ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ನೆತ್ತಿಯಿಂದ ಎಳೆದರೆ ಮೇಲಿನ ಸಿಕ್ಕೆಲ್ಲ ಕೆಳಗಿನ ಸಿಕ್ಕಿನ ಜೊತೆ ಸೇರಿಕೊಂಡು ಒಂದೇ ಗಂಟಾಗುತ್ತದೆ. ಕೂದಲಿಗೆ ನೋವಿಲ್ಲ, ಅದರ ಬುಡದ ಸುತ್ತ ನರಗಳಿವೆ. ಅದಕ್ಕೇ ಗಂಟಿನ ಮೇಲ್ಗಡೆ ಕೂದಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಾಚಿದರೆ ಎಳೆತ ನನ್ನ ಮುಷ್ಟಿಯಲ್ಲೇ ನಿಲ್ಲುತ್ತದೆ, ಬುಡದವರೆಗೆ ಹೋಗಲ್ಲ. ನೇರ ಕೂದಲಾದರೆ ತಲೆಸ್ನಾನಕ್ಕೆ ಮೊದಲೇ ಒಣಗಿದ್ದಾಗ ಬಿಡಿಸಿಕೊಳ್ಳುವುದು ಒಳ್ಳೆಯದು, ಒದ್ದೆ ಕೂದಲು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಗುಂಗುರು ಕೂದಲಿಗೆ ಇದೇ ಉಲ್ಟಾ: ಕಂಡಿಷನರ್ ಹಚ್ಚಿ, ಒದ್ದೆ ಇದ್ದಾಗಲೇ ಅಗಲ ಹಲ್ಲಿನ ಬಾಚಣಿಗೆ ಆಡಿಸಬೇಕು. ನನ್ನ ಮಗಳ ಕೂದಲು ಮೇಲೆ ನೇರ, ಕೆಳಗೆ ಗುಂಗುರು. ಯಾವ ನಿಯಮ ಹೇಳಿದರೂ ಅರ್ಧ ತಲೆಗೆ ಮಾತ್ರ.

ಅಷ್ಟೆಲ್ಲ ಮಾಡಿದರೂ ಅವಳು ಕಿರುಚುತ್ತಾಳೆ. ಬಾಚಣಿಗೆ ಇನ್ನೂ ಡ್ರಾಯರ್‌ನಲ್ಲಿರುವಾಗಲೇ "ಆ...!" ಶುರು.

ಒಂದು ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ದೊಡ್ಡವರಿಗೆ ದಿನಕ್ಕೆ 50ರಿಂದ 100 ಉದುರುವುದು ಮಾಮೂಲಿ. ಉದುರಿದ್ದು ನೆಲಕ್ಕೆ ಬಿದ್ದರೆ ಸರಿ, ಗುಡಿಸಬಹುದು. ಬೀಳದೆ ಪಕ್ಕದ ಕೂದಲನ್ನು ಸುತ್ತಿಕೊಂಡು ಅಲ್ಲೇ ಕೂತರೆ ಸಿಕ್ಕು. ಅದರ ಮೇಲೆ ರಾತ್ರಿಯಿಡೀ ದಿಂಬಿಗೆ ಉಜ್ಜಿದರೆ ಕೇಳುವುದೇ ಬೇಡ. ಇವಳು ತಲೆಯನ್ನು ಗೋಡೆ ಕಡೆ ಇಟ್ಟು ಮಲಗಿ, ಕಾಲನ್ನು ಗೋಡೆ ಕಡೆ ಇಟ್ಟು ಏಳುವವಳು. ಮಲಗುವಾಗ ಸಡಿಲವಾಗಿ ಜಡೆ ಹಾಕಿದರೆ ಸಿಕ್ಕು ಕಡಿಮೆ ಅಂತ ಹಾಕುತ್ತೇನೆ. ಬೆಳಗ್ಗೆ ರಬ್ಬರ್ ಬ್ಯಾಂಡ್ ಗೊಂಬೆಯ ಜುಟ್ಟಿನಲ್ಲಿರುತ್ತದೆ. ಹತ್ತಿ ಬಟ್ಟೆಗಿಂತ ಸ್ಯಾಟಿನ್ ಮೇಲೆ ಕೂದಲು ಜಾಸ್ತಿ ಉಜ್ಜುವುದಿಲ್ಲ, ನುಣ್ಣಗೆ ಜಾರುತ್ತದೆ ಅಂತ ಅವಳಿಗೆಂದೇ ಸ್ಯಾಟಿನ್ ದಿಂಬಿನ ಕವರ್ ತಂದೆ. ಎರಡೇ ದಿನಕ್ಕೆ ಅದು ಇವರ ದಿಂಬಿಗೆ ಹೋಯಿತು. ತಣ್ಣಗಿರುತ್ತದಂತೆ. ಸಿಕ್ಕಾಗುವಷ್ಟು ಕೂದಲು ಇವರ ತಲೆಯಲ್ಲಿ ಉಳಿದಿಲ್ಲ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಬರೆಯುತ್ತಿದ್ದೇನೆ ಅಷ್ಟೇ.

"ಸುಮ್ನೆ ಕತ್ತರಿಸಿಬಿಡಿ, ತಲೆನೋವೇ ಇರಲ್ಲ" ಅನ್ನುವವರೂ ಇದ್ದಾರೆ. ಅವರೇ ಬಂದು ಅವಳಿಗೆ ಹೇಳಲಿ. ಅವಳಿಗೆ ಕೂದಲು ಮೊಣಕಾಲವರೆಗೆ ಬೇಕು. ತಿಂಗಳಿಗೆ ಹೆಚ್ಚೂ ಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ, ಲೆಕ್ಕ ಹಾಕಿದರೆ ನನ್ನ ಎದೆ ಒಡೆಯುತ್ತದೆ.

ನನ್ನ ಅಮ್ಮ ನನ್ನನ್ನು ಎರಡು ಮಂಡಿಗಳ ಮಧ್ಯೆ ಹಿಡಿದು ಕೂರಿಸಿಕೊಂಡು ಬಾಚುತ್ತಿದ್ದಳು. ಅಲ್ಲಾಡಿದರೆ ಬಾಚಣಿಗೆಯಲ್ಲೇ ಒಂದು ಏಟು. ನಾನೇ ಜಡೆ ಹೆಣೆದುಕೊಳ್ಳಲು ಕಲಿತ ದಿನ "ಇನ್ಮೇಲೆ ನಾನೇ ಬಾಚ್ಕೋತೀನಿ" ಅಂತ ಬಾಚಣಿಗೆ ಕಿತ್ತುಕೊಂಡು ಕನ್ನಡಿ ಕಡೆ ಓಡಿದ್ದೆ. "ಸರಿ ಬಿಡು, ನನಗೂ ಕೆಲಸ ಕಡಿಮೆ ಆಯ್ತು" ಅಂದಿದ್ದಳು. ಆಗ ನಾನು ಹಿಂದೆ ತಿರುಗಿ ಅವಳ ಮುಖ ನೋಡಲಿಲ್ಲ. ಈಗ ಮಗಳು ಅತ್ತು ಸುಸ್ತಾಗಿ, ಬೆನ್ನು ಪೂರ್ತಿ ನನಗೆ ಒರಗಿಸಿ ಕೂತಾಗ ಅದೊಂದು ಮಾತ್ರ ನೆನಪಾಗುತ್ತದೆ. ಜಾಸ್ತಿ ಹೊತ್ತಲ್ಲ, ಮುಂದಿನ ಗಂಟು ಸಿಗುವವರೆಗೆ.

ಕಳೆದ ಭಾನುವಾರ ಇವರಿಗೇ ಬಾಚಣಿಗೆ ಕೊಟ್ಟೆ. ಬ್ರಷ್ ಅಲ್ಲ, ಬಾಚಣಿಗೆ. "ನೀವೇ ಬಾಚಿ, ನಿಮ್ಮ ಕೈಲಿ ನೋವಾಗಲ್ವಂತೆ. ಕತ್ತಿನ ಹಿಂದಿನದ್ದೂ ಬಿಡಿಸಿ." ಮೇಲಿನ ಪದರ ಎತ್ತಿ ನೋಡಿದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನೆತ್ತಿಯಿಂದಲೇ ಒಂದು ಸಲ ಎಳೆದರು ನೋಡಿ, ಅವಳು ಕಿರುಚಿದ ರಭಸಕ್ಕೆ ಬಾಚಣಿಗೆ ಅಲ್ಲೇ ಬಿಟ್ಟು ಎದ್ದರು. ಬಾಚಣಿಗೆ ಕೆಳಗೆ ಬೀಳಲಿಲ್ಲ, ಸಿಕ್ಕಿನಲ್ಲೇ ನೇತಾಡುತ್ತಿತ್ತು. ನನಗೆ ಒಳಗೊಳಗೇ ಖುಷಿ. ಮಗಳು ಕಣ್ಣೊರೆಸಿಕೊಂಡು, "ಪಾಪ, ಅಪ್ಪಂಗೆ ಬರಲ್ಲ. ಅಮ್ಮ, ನೀನೇ ಬಾಚು. ಅಪ್ಪ ಕಥೆ ಹೇಳ್ಲಿ" ಅಂದಳು.

ಹಾಗಾಗಿ ಈಗ ಕೆಲಸ ಹಂಚಿಕೆಯಾಗಿದೆ. ಸಿಕ್ಕು ನನ್ನದು, ಆನೆ ಅವರದು. ಕಥೆ ನಡೆಯುವಷ್ಟು ಹೊತ್ತು ಅವಳ ತಲೆ ಅಲ್ಲಾಡುವುದಿಲ್ಲ, ಕಿರುಚಾಟವೂ ಇಲ್ಲ, ಅರ್ಧ ಗಂಟು ಬಿಡಿಸಿದ್ದೇ ಗೊತ್ತಾಗಲ್ಲ. ಆದರೆ ಆನೆ ಹಳ್ಳಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಇವರ ಫೋನ್ ಟಿಂಗ್ ಅನ್ನುತ್ತದೆ. ಇವರು ಅದನ್ನು ನೋಡುತ್ತಾ ನಿಲ್ಲುತ್ತಾರೆ. "ಆಮೇಲೆ ಏನಾಯ್ತು?" ಅಂತ ಮಗಳು ಗಿರ್ರನೆ ತಲೆ ತಿರುಗಿಸುತ್ತಾಳೆ, ಬಾಚಣಿಗೆ ಇತ್ತ, ತಲೆ ಅತ್ತ. ಕಥೆ ನಿಲ್ಲಿಸಿದವರು ಯಾರು, ಬೈಸಿಕೊಳ್ಳುವವರು ಯಾರು!