ಆರನೇ ಸಂಖ್ಯೆ ಎಲ್ಲಿಗೆ ಹೋಯ್ತು?

ಅಕ್ಕನ ಮಗಳ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ರೆಕಾರ್ಡ್ ಈಗ ತಾನೇ ನೋಡಿದೆ. ತಲೆ ಕೆಟ್ಟು ಹೋಯ್ತು. ಸಿ ಭಾಷೆಯಲ್ಲಿ ಅರೇ (ಸಾಲಾಗಿ ಜೋಡಿಸಿದ ಖಾನೆಗಳು) ಬಳಸಿ ಸ್ಟ್ಯಾಕ್ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ರಾಶಿ), ನಾವೆಲ್ಲ ಬರೆದ ಅದೇ ಪ್ರೋಗ್ರಾಂ. ಮ್ಯಾಕ್ಸ್, ಅಂದರೆ ಅದರಲ್ಲಿ ಹಿಡಿಸುವ ಸಂಖ್ಯೆಗಳು, 5. ಪುಶ್ ಮಾಡುವ, ಅಂದರೆ ಸಂಖ್ಯೆಯನ್ನು ಒಳಗಿಡುವ ಮೊದಲು 'ಟಾಪ್ ಮ್ಯಾಕ್ಸ್‌ಗೆ ಸಮ ಇದ್ದರೆ ಓವರ್‌ಫ್ಲೋ' ಅಂತ ಒಂದು ಚೆಕ್. ಪಕ್ಕದಲ್ಲಿ ಕೆಂಪು ಇಂಕಿನ ಟಿಕ್.

ತಪ್ಪು ಕಣ್ರೀ ಅದು! ಟಾಪ್ ಅಂದರೆ ಎಲ್ಲಕ್ಕಿಂತ ಮೇಲಿನ ಸಂಖ್ಯೆ ಇರುವ ಖಾನೆಯ ನಂಬರ್, ಖಾಲಿ ಇದ್ದಾಗ ಅದು ಶುರುವಾಗೋದು ಮೈನಸ್ 1ರಿಂದ. ಅರೇಯ ಇಂಡೆಕ್ಸ್ (ಖಾನೆ ನಂಬರ್) 0ಯಿಂದ 4ರ ತನಕ ಮಾತ್ರ. ಟಾಪ್ 4 ಆದಾಗಲೇ ಸ್ಟ್ಯಾಕ್ ತುಂಬಿತು, ಮ್ಯಾಕ್ಸ್‌ನಲ್ಲಿ ಒಂದು ಕಳೆದು ನೋಡಬೇಕು. ಈ ಚೆಕ್ ಆರನೇ ಸಂಖ್ಯೆಯನ್ನೂ ಒಳಗೆ ಬಿಡುತ್ತದೆ. ಅರೇಯ ಗಡಿ ಕಾಯುವ ಕೆಲಸ ಸಿ ಮಾಡಲ್ಲ, ನಾವೇ ಮಾಡಬೇಕು. ಆ ಸಂಖ್ಯೆ ಅರೇಯ ಆಚೆ ಹೋಗಿ ಕೂರುತ್ತದೆ, ಅಲ್ಲಿ ಟಾಪ್ ವೇರಿಯಬಲ್ಲೇ ಇದ್ದರೂ ಇರಬಹುದು. ಆಗ 700 ಪುಶ್ ಮಾಡಿದರೆ ಟಾಪ್ ಕೂಡ 700! ಅದಕ್ಕಿಂತ ಕೆಟ್ಟದ್ದು ಅಂದರೆ, ಏನೂ ಆಗದೇ ಇರೋದು. ಏಳನೇ ಸಲ ಓವರ್‌ಫ್ಲೋ ಅಂತ ಬರುತ್ತದೆ, ನೋಡಿದವರು ಸರಿ ಇದೆ ಅಂದುಕೊಳ್ಳುತ್ತಾರೆ.

ಮೇಲಿನ ಸಂಖ್ಯೆಯನ್ನು ಹೊರತೆಗೆಯುವ ಪಾಪ್ ಕಥೆಯೂ ಅಷ್ಟೇ. ಖಾಲಿ ಇದ್ದರೆ ಮೈನಸ್ 1 ರಿಟರ್ನ್ ಮಾಡುತ್ತದೆ. ಯಾರಾದರೂ ಮೈನಸ್ 1 ಅನ್ನೇ ಪುಶ್ ಮಾಡಿದ್ದರೆ? ಸಂಖ್ಯೆಯನ್ನು ಪಾಯಿಂಟರ್ (ಮೆಮೊರಿಯ ವಿಳಾಸ) ಮೂಲಕ ಕೊಟ್ಟು, ಸಿಕ್ಕಿತೋ ಇಲ್ಲವೋ ಅನ್ನೋದನ್ನು ಮಾತ್ರ ರಿಟರ್ನ್ ಮಾಡಿದರೆ ಮುಗೀತಲ್ವಾ.

"ಎಕ್ಸಾಮಿಗೆ ಇಷ್ಟು ಸಾಕು ಮಾಮ, ಸರ್ ಇದನ್ನೇ ಬರೆಸಿದ್ದು" ಅಂದಳು. ಅವಳನ್ನು ಬೈಯಲ್ಲ. ನನ್ನ ಸಿಟ್ಟು ಬರೆಸಿದವರ ಮೇಲೆ.

ಕೆಲಸಕ್ಕೆ ಸೇರಿದ ಮೇಲೆ ಲೈಬ್ರರಿ ಇರುತ್ತದೆ, ಸ್ಟ್ಯಾಕ್ ಯಾರು ಕೈಯಾರೆ ಬರೀತಾರೆ ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಗೊತ್ತು. ನಾನು ಒಪ್ಪಲ್ಲ. 1988ರಲ್ಲಿ ಇಂಟರ್ನೆಟ್ಟಿನಲ್ಲಿ ತಾನೇ ತಾನಾಗಿ ಹರಡಿದ ಮಾರಿಸ್ ವರ್ಮ್ ಅನ್ನೋ ಪ್ರೋಗ್ರಾಂ ನೆನಪಿಸಿಕೊಳ್ಳಿ. ಯಾರು ಲಾಗಿನ್ ಆಗಿದ್ದಾರೆ ಅಂತ ತಿಳಿಸುವ ಫಿಂಗರ್ ಸರ್ವಿಸ್‌ನಲ್ಲಿದ್ದ 512 ಬೈಟ್‌ಗಳ ಅರೇಗೆ ಇನ್ಪುಟ್ ಓದುವ ಗೆಟ್ಸ್ ಫಂಕ್ಷನ್ ಅಳತೆ ನೋಡದೆ ತುಂಬುತ್ತಿತ್ತು. ವರ್ಮ್ ಅದಕ್ಕಿಂತ ಜಾಸ್ತಿ ಕಳಿಸಿ, ಫಂಕ್ಷನ್ ವಾಪಸ್ ಹೋಗಬೇಕಾದ ವಿಳಾಸವನ್ನೇ ಬದಲಿಸಿ ಒಳಗೆ ನುಗ್ಗಿತು. ಆ ಗೆಟ್ಸ್ ಅನ್ನು ಸಿ ಸ್ಟ್ಯಾಂಡರ್ಡ್‌ನಿಂದ ತೆಗೆದದ್ದು 2011ರಲ್ಲಿ. ಗಡಿ ನೋಡುವ ಒಂದು ಸಾಲು ಇಷ್ಟು ದೊಡ್ಡದು. ಅದನ್ನು ಕಲಿಸೋಕೆ ಈ ಪುಟ್ಟ ಪ್ರೋಗ್ರಾಂಗಿಂತ ಸುಲಭದ ಜಾಗ ಇನ್ನೆಲ್ಲಿದೆ? ಅದನ್ನೂ ಬಾಯಿಪಾಠ ಮಾಡಿಸಿಬಿಟ್ಟರೆ ಹೇಗೆ?

ಲ್ಯಾಬ್ ನಡೆಸುವ ಸ್ನೇಹಿತರೇ, ದಯವಿಟ್ಟು ಆರನೇ ಸಂಖ್ಯೆಯನ್ನು ನಿಮ್ಮ ಎದುರಿಗೇ ಪುಶ್ ಮಾಡಿಸಿ. ಜಿಸಿಸಿ ಅನ್ನೋ ಸಿ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಆನ್ ಮಾಡಿ, ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದರೆ ಯಾವ ಸಾಲಿನಲ್ಲಿ ಗಡಿ ದಾಟಿತು ಅಂತ ಅದೇ ತೋರಿಸುತ್ತದೆ.