ನೆಗಡಿ ಬಂದ್ರ ಮೂಗು ಕೊಯ್ಯೋ ಅಂಗಡಿ

ನಿನ್ನಿ ಸಂಜಿಮುಂದ ಮೌಸ್ ತೊಗೊಳ್ಲಾಕ ಸೂಪರ್ ಮಾರ್ಕೆಟ್‌ನಾಗ ಒಂದು ಅಂಗಡಿಗಿ ಹೋಗಿದ್ದೆ. ರಿಟೈರ್ ಆದ ಮಾಸ್ತರ್ರೊಬ್ರು ಸಿಪಿಯು ಎದಿಗವಚಿಕೊಂಡು ಬಂದ್ರು. "ವಚನ ಹಚ್ಚಿದ್ರ ನಡುನಡುವ ಚಟ್ ಚಟ್ ಅಂತದ್ರಿ, ಹಂಚಿನ್ಯಾಗ ಜ್ವಾಳದ ಅರಳು ಸಿಡದಂಗ" ಅಂದ್ರು. ಅಂಗಡಿ ಹುಡುಗ ಮೊಬೈಲ್‌ದಿಂದ ತಲಿ ಎತ್ತಲಿಲ್ಲ. "ಫಾರ್ಮ್ಯಾಟ್ ಹೊಡೀಬೇಕ್ರಿ." ಅಂದ್ರ ಡಿಸ್ಕ್‌ನಾಗಿಂದೆಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು.

ಸ್ಪೀಕರ್ ಹಚ್ಚಿ ಒಮ್ಮೆ ಕೇಳ್ಬಾರ್ದೇನ್ರೀ? ಕಲಬುರಗಿ ಬಿಸಲಿಗಿ ಮೊದ್ಲೇ ತಲಿ ಕಾದಿತ್ತು, ಇದು ಕೇಳಿ ಉರೀತು.

ಲಾಕ್‌ಡೌನ್‌ನಾಗ ಆನ್‌ಲೈನ್ ಪಾಠ ಮಾಡಾಗ ನಾ ಈ ಚಟಚಟದ ಜೋಡಿ ಭಾಳ ಗುದ್ದಾಡೀನಿ. ಕಂಪ್ಯೂಟರ್ ಧ್ವನಿ ಒಂದೇ ಧಾರಿ ಸುರಿಯಂಗಿಲ್ಲ, ತುತ್ತು ತುತ್ತಾಗಿ ಕಳಸ್ತದ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಸಣ್ಣ ಸಣ್ಣ ಅಳತಿ) ಇದ್ದಾಗ 256 ಸ್ಯಾಂಪಲ್‌ದು ಒಂದು ತುತ್ತಂದ್ರ ಬರೇ ಐದು ಚಿಲ್ಲರೆ ಮಿಲಿಸೆಕೆಂಡಿಂದು. ಅಷ್ಟರಾಗ ವೈಫೈ ಡ್ರೈವರೋ (ವೈಫೈ ನಡಸೋ ಸಣ್ಣ ಸಾಫ್ಟ್‌ವೇರ್) ಮತ್ತೊಂದೋ ಪ್ರೊಸೆಸರ್ ಹಿಡ್ಕೊಂಡು ಕುಂತ್ರ ಮುಂದಿನ ತುತ್ತು ತಡ ಆಗ್ತದ, ಅಲ್ಲೇ ಚಟ್! ಯಾವ ಡ್ರೈವರ್ ಅಂತ ಲೇಟೆನ್ಸಿಮಾನ್ ಅನ್ನೋ ಪುಕ್ಕಟ ಸಾಫ್ಟ್‌ವೇರ್ ಹೆಸರು ಹಿಡಿದು ತೋರಸ್ತದ. ನನ್ನದ್ರಾಗ ವೈಫೈ ಡ್ರೈವರೇ ಕಳ್ಳ. ಹೊಸದು ಹಾಕ್ದೆ, ಸೌಂಡ್ ಸೆಟ್ಟಿಂಗ್‌ನಾಗ ಆ ಎನ್‌ಹಾನ್ಸ್‌ಮೆಂಟ್ ಅನ್ನೋ, ಧ್ವನಿಗಿ ಮಾಡೋ ಶೃಂಗಾರ ತೆಗೆದೆ, ಸುಮ್ಮನಾತು. ಹತ್ತು ನಿಮಿಷದ ಕೆಲಸ.

ಚಟಚಟ ಅಲ್ಲ, ಒಂದೇಸವನ ಗುಂಯ್ ಅಂತದಂದ್ರ ಅದು ಬ್ಯಾರೇ ರೋಗ. ಅದು ನಮ್ಮ 50 ಹರ್ಟ್ಸ್ ಕರೆಂಟಿನ ಹಾಡು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕೂಡ್ಲೇ ನಿಂತ್ರ ಅರ್ಥಿಂಗ್ ನೋಡಸ್ರಿ. ನಮ್ಮ ಕಡಿ ಎಷ್ಟೋ ಮನ್ಯಾಗ ಸಾಕೆಟ್ಟಿನ ಮೂರನೇ ತೂತು, ಅರ್ಥಿಂಗಿಂದು, ಬರೇ ಅಂದಕ್ಕ ಇರ್ತದ. ಇದಕ್ಕೂ ಫಾರ್ಮ್ಯಾಟ್ ಹೊಡೀತೀರೇನು, ಗ್ವಾಡಿಗಿ?

"ಫಾರ್ಮ್ಯಾಟ್ ಹೊಡದ್ರ ಒಮ್ಮೊಮ್ಮೆ ಸರಿ ಆಗ್ತದಲ್ಲ" ಅಂತ ಗೆಳೆಯನೊಬ್ಬ ವಾದ ಮಾಡ್ದ. ಆಗ್ತದಪ್ಪ, ಕೆಟ್ಟ ಡ್ರೈವರ್ ಹೋಗಿ ಹೊಸದು ಕುಂತ್ರ ಆಗ್ತದ. ಆ ಒಂದು ಡ್ರೈವರಷ್ಟೇ ಬದಲಿ ಮಾಡಲಾರದ ಮನಿಗಿ ಮನೀನೇ ಯಾಕ ಕೆಡವಬೇಕು? ಮ್ಯಾಲ ಅದೇ ಹಳೇ ಡ್ರೈವರ್ ತಿರುಗಿ ಬಂದು ಕುಂತ್ರ ಮತ್ತ ಚಟ್ ಚಟ್, ಮತ್ತ ಅಂಗಡಿ, ಮತ್ತ ರೊಕ್ಕ.

ಮಾಸ್ತರ್ರಿಗೆ ನಾನೇ ನಡುವ ಬಾಯಿ ಹಾಕಿ, "ಮೊದ್ಲು ಮನಿಗಿ ಒಯ್ರಿ, ನಾ ಬಂದು ನೋಡ್ತೀನಿ" ಅಂದೆ. ಹುಡುಗ ನನ್ನ ನೋಡಿದ ನೋಟಕ್ಕ ಮೌಸ್ ತೊಗೊಳ್ಲಾರದ ಬಂದೀನಿ.

ಖರೇ ಹೇಳಬೇಕಂದ್ರ ಇಷ್ಟು ಸಿಟ್ಟು ಬರೇ ಆ ಹುಡುಗನ ಮ್ಯಾಲಿಂದಲ್ಲ. ಹೋದ ವರ್ಷ ನಮ್ಮ ಭಾವ ಬೀದರಿಂದ ಫೋನ್ ಮಾಡಿ "ಧ್ವನಿ ಒಡೀಲತ್ತದ" ಅಂದಾಗ, ನಾ ಊಟಕ್ಕ ಕುಂತಿದ್ದೆ. ಜಲ್ದಿ ಫೋನ್ ಇಡಬೇಕಿತ್ತು. "ಫಾರ್ಮ್ಯಾಟ್ ಹೊಡದಬಿಡ್ರಿ" ಅಂದುಬಿಟ್ಟೆ. ಮೊಮ್ಮಗಳ ತೊಟ್ಟಲ ಫೋಟೋ ಅಷ್ಟೂ ಹೋದವು. ಚಟಚಟ ಹೋಗಲಿಲ್ಲ.

ಭಾವ, ಇದು ಓದಿದ್ರ ಆ ಹಾರ್ಡ್ ಡಿಸ್ಕ್‌ನಾಗ ಹೊಸದೇನೂ ತುಂಬಬ್ಯಾಡ್ರಿ. ಅಳಿಸಿದ ಫೋಟೋದ ಮ್ಯಾಲ ಬ್ಯಾರೇದು ಬರೀಲಾರದಿದ್ರ ತಿರುಗಿ ಸಿಗೋ ಆಸೆ ಅದ. ಐತವಾರ ಬರ್ತೀನಿ.